ಬ್ಲೇಡಿನಿಂದ ಕೆರೆದ ಬಂಡಿದಾರಿ

ಎಣಿಕೆಯ ರಿಜಿಸ್ಟರಿನಲ್ಲಿ ಐದು ಕಾಲಂ ಇದ್ದವು: ಟೂ ವೀಲರ್, ಕಾರು, ಆಟೋ, ಟ್ಯಾಂಕರ್, ಪಾದಚಾರಿ. ಐದನೆಯದರ ಮೇಲೆ ನಾನೇ ಸ್ಕೇಲ್ ಇಟ್ಟು ಒಂದು ಗೆರೆ ಎಳೆದು ‘ನಾಟ್ ರಿಕ್ವೈರ್ಡ್’ ಎಂದು ಬರೆದೆ. ನಡೆದು ಹೋಗುವವರಿಂದ ಯಾರಿಗೇನು ಅಪಾಯ? ಅದು ನನ್ನ ಆಗಿನ ಲಾಜಿಕ್. ಆ ರಿಜಿಸ್ಟರ್ ಈಗಲೂ ನನ್ನ ಬಳಿ ಇದೆ. ಗೆರೆ ಬಹಳ ನೇರವಾಗಿದೆ.

ನಮ್ಮ ಲೇಔಟು ವಿಜಯಪುರಕ್ಕೆ ಸ್ವಲ್ಪ ಈಚೆ, ದೇವನಹಳ್ಳಿ ರಸ್ತೆಗೆ ಅಂಟಿಕೊಂಡಿದೆ. ಮುಂದೆ ದೊಡ್ಡ ರಸ್ತೆ, ಹಿಂದೆ ಹಳ್ಳಿ, ನಡುವೆ ನಾವು. ನಮ್ಮ ಗೇಟಿನ ಎದುರಿಗೇ ಬಸ್ ಸ್ಟಾಪು. ಹಿಂದಿನ ಕಾಂಪೌಂಡಿನಲ್ಲಿ ಒಂದು ಸಂದು ಇತ್ತು. ಯಾರೂ ಬಿಟ್ಟ ಸಂದಲ್ಲ, ಕಟ್ಟಿದ ಗೋಡೆ ಬಿದ್ದು ಬಿದ್ದು ಆದದ್ದು. ಹಳ್ಳಿಯ ಹೆಂಗಸರು ಬೆಳಗ್ಗೆ ಆ ಸಂದಿನಲ್ಲಿ ನುಸುಳಿ, ಪಾರ್ಕು ದಾಟಿ, ನನ್ನ ಅಡಿಗೆಮನೆ ಕಿಟಕಿಯ ಪಕ್ಕದ ಓಣಿಯಲ್ಲಿ ಹಾದು, ಬಸ್ ಸ್ಟಾಪಿಗೆ ಹೋಗುತ್ತಿದ್ದರು. ಅವರೆಲ್ಲ ವಿಜಯಪುರದ ರೇಷ್ಮೆ ಫಿಲೇಚರುಗಳಲ್ಲಿ ನೂಲು ಬಿಚ್ಚುವವರು. ಬಿಸಿನೀರಿನಲ್ಲಿ ಗೂಡು ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಸಂಜೆ ವಾಪಸು ಬರುವಾಗ ಬೇಯಿಸಿದ ಹುಳುವಿನ ವಾಸನೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬಂದು ನನ್ನ ಕಿಟಕಿ ಸೇರುತ್ತಿತ್ತು.

ಅವರಲ್ಲಿ ಒಬ್ಬಳು ಮಾತ್ರ ದಿನಾ ನಿಂತು ನನ್ನ ಸಂಪಿಗೆ ಮರದಿಂದ ಉದುರಿದ ಒಂದು ಹೂವು ಎತ್ತಿಕೊಳ್ಳುತ್ತಿದ್ದಳು. “ಒಂದೇ ಒಂದು ಅಮ್ಮಾವ್ರೆ,” ಅನ್ನುತ್ತಿದ್ದಳು, ಎರಡು ತೆಗೆದುಕೊಂಡು.

ಸಂದಿನಲ್ಲಿ ಹೆಂಗಸರಷ್ಟೇ ಬರುತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೈಕಿನವರಿಗೂ ಅದು ಶಾರ್ಟ್‌ಕಟ್ ಆಗಿತ್ತು. ಪಾರ್ಕಿನ ನಡುವೆ ಸೀಳಿಕೊಂಡು ಬರುತ್ತಿದ್ದರು. ಒಂದು ಭಾನುವಾರ ಬೆಳಗ್ಗೆ ನಮ್ಮ ಅಸೋಸಿಯೇಷನ್ ಪ್ರೆಸಿಡೆಂಟರ ಮೂರು ವರ್ಷದ ಮೊಮ್ಮಗಳಿಗೆ ಬೈಕಿನ ಹ್ಯಾಂಡಲ್ ತಗುಲಿತು. ಹುಬ್ಬಿನ ಮೇಲೆ ನಾಲ್ಕು ಸ್ಟಿಚ್. ಪ್ರೆಸಿಡೆಂಟರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಮಾತಿಗೆ ಮುಂಚೆ ಫೈಲ್ ತೆಗೆಯುವ ಮನುಷ್ಯ. ಆ ದಿನ ಮಾತ್ರ ಫೈಲು ಗೀಲು ಮರೆತು ಮಗುವನ್ನು ಎತ್ತಿಕೊಂಡು ಓಡಿದರು. ಅದೇ ವಾರ ಸೇಫ್ಟಿ ಕಮಿಟಿ ಆಯಿತು. ನಾನು ಕನ್ವೀನರ್. ಎಪ್ಪತ್ತೆರಡು ವರ್ಷದ ಒಂಟಿ ಹೆಂಗಸಿಗೆ ಯಾಕೆ ಕೊಟ್ಟರು ಎಂದರೆ, ನನಗೆ ಡ್ರಾಯಿಂಗ್ ಬರುತ್ತದೆ. ಇಪ್ಪತ್ತಾರು ವರ್ಷ ಬೆಂಗಳೂರಿನ ಒಂದು ಪ್ರೈವೇಟ್ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ನಕಾಶೆಯ ಮೇಲೆ ಅರೆಪಾರದರ್ಶಕ ಫಿಲ್ಮ್ ಹಾಸಿ ಶಾಯಿಯಲ್ಲಿ ನಕಲು ತೆಗೆಯುವುದು ನನ್ನ ಕೆಲಸ. ಈ ಲೇಔಟಿನ ಪ್ಲ್ಯಾನನ್ನೂ ನಾನೇ ಟ್ರೇಸ್ ಮಾಡಿದ್ದು. ಆಫೀಸಿನವರಿಗೆ ಮೊದಲು ಆರಿಸಿಕೊಳ್ಳಲು ಬಿಟ್ಟಾಗ ಪಾರ್ಕ್ ಪಕ್ಕದ ನಲವತ್ತೆರಡನೇ ನಂಬರ್ ಸೈಟನ್ನು ಆ ಹಾಳೆಯ ಮೇಲೆಯೇ ಬೆರಳಿಟ್ಟು ತೋರಿಸಿದ್ದೆ.

ಒಂದು ವಾರ ಬೆಳಗ್ಗೆ ಸಂಜೆ ಬೆತ್ತದ ಕುರ್ಚಿ ಹಾಕಿಕೊಂಡು ಸಂದು, ಲೇಔಟಿನ ಒಳರಸ್ತೆ ಎರಡೂ ಕಾಣುವ ಕಡೆ ಕೂತು ಎಣಿಸಿದೆ. ಕಾನ್ವೆಂಟಿನಲ್ಲಿ ಕಲಿತ ಟ್ಯಾಲಿ ಮಾರ್ಕ್, ನಾಲ್ಕು ನಿಲುವು, ಒಂದು ಅಡ್ಡ. ಹೆಂಗಸರು ನನ್ನ ಪಕ್ಕದಲ್ಲೇ ಹೋಗುತ್ತಿದ್ದರು. “ಏನ್ ಬರೀತಿದ್ದೀರಾ ಅಮ್ಮಾವ್ರೆ? ನಮ್ಮನ್ನೂ ಬರ್ಕೊಳ್ಳಿ,” ಎಂದು ಒಬ್ಬಳು ನಕ್ಕಳು. ನಾನೂ ನಕ್ಕೆ. ಬರೆದುಕೊಳ್ಳಲಿಲ್ಲ.

ಆಮೇಲೆ ಗ್ರಾಫ್ ಶೀಟಿನಲ್ಲಿ ಸ್ಕೆಚ್ ಮಾಡಿದೆ. ಮೂರು ಹಂಪು, ತಿರುವಿನಲ್ಲೊಂದು ಕಾನ್ವೆಕ್ಸ್ ಕನ್ನಡಿ, ಗೇಟಿನ ಬಳಿ ನಿಧಾನಕ್ಕೆ ಎಂಬ ಬೋರ್ಡು. ಕೊನೆಗೆ, ಸಂದಿಗೆ ಐದಡಿ ಎತ್ತರದ ಸಿಮೆಂಟ್ ಬ್ಲಾಕ್ ಗೋಡೆ, ಎರಡೂ ಕೊನೆಗೆ ಪಿಲ್ಲರ್, ತಲೆಯ ಮೇಲೆ ಗಾಜಿನ ಚೂರು. ಗಾಜು ಬೇಡ ಎಂದು ಆಮೇಲೆ ಒಬ್ಬರು ಅಂದದ್ದಕ್ಕೆ ತೆಗೆದೆ. ನನಗೆ ದಯೆ ಇದೆ ಎಂದು ನನಗೇ ಅನ್ನಿಸಿತು. ಜನರಲ್ ಬಾಡಿಯಲ್ಲಿ ಎಲ್ಲರೂ ಕೈ ಎತ್ತಿದರು. ಎರಡೇ ದಿನದಲ್ಲಿ ಗೋಡೆ ಎದ್ದಿತು. ಪ್ರೆಸಿಡೆಂಟರು ಎಲ್ಲರೆದುರು ನನ್ನ ಸ್ಕೆಚ್ಚನ್ನು ಎತ್ತಿ ಹಿಡಿದು, “ಪ್ರೊಫೆಷನಲ್ ವರ್ಕ್ ಅಂದ್ರೆ ಇದು,” ಎಂದರು. ಆ ವಯಸ್ಸಿನಲ್ಲಿ ಹೊಗಳಿಕೆ ಬಹಳ ದಿನ ಬಾಯಲ್ಲಿ ಸಿಹಿಯಾಗಿರುತ್ತದೆ.

ಗೋಡೆ ಎದ್ದ ಮರುದಿನ ಬೆಳಗ್ಗೆ ಹೆಂಗಸರ ತಲೆಗಳು ಅದರ ಆಚೆ ಕಂಡವು. ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಗುಜುಗುಜು. ನಾನು ಹತ್ತಿರ ಹೋಗಿ, ಮಕ್ಕಳ ಸೇಫ್ಟಿಗೆ ಹೀಗಾಯಿತು, ನಿಮ್ಮ ಊರ ರಸ್ತೆಯಿಂದ ಸುತ್ತಿಕೊಂಡು ಬಂದುಬಿಡಿ, ಹತ್ತು ನಿಮಿಷ ಅಷ್ಟೆ ಎಂದೆ. ಸಂಪಿಗೆ ಹೂವಿನವಳು ಹಿಮ್ಮಡಿ ಎತ್ತಿ ಗೋಡೆಯ ಮೇಲಿಂದ ಇಣುಕಿದಳು.

“ಬಸ್ಸೇನೋ ಫ್ರೀ ಕೊಟ್ರು ಅಮ್ಮಾವ್ರೆ, ಸ್ಟಾಪಿಗೆ ಹೋಗೋ ದಾರಿ ಕಿತ್ಕೊಂಡ್ರು,” ಎಂದಳು. ಉಳಿದವರು ನಕ್ಕರು. ನಾನು ಮರದ ಬುಡದಿಂದ ಎರಡು ಹೂವು ಎತ್ತಿ ತಂದು ಗೋಡೆಯ ಮೇಲಿಂದ ಕೊಟ್ಟೆ. ತೆಗೆದುಕೊಂಡಳು.

ನಾನು ಹೇಳಿದ ಸುತ್ತು ದಾರಿಯಲ್ಲಿ ಒಂದು ಮೋರಿ ಇದೆ. ಕೆರೆ ಕೋಡಿಯ ನೀರು ದೊಡ್ಡ ರಸ್ತೆಯ ಕೆಳಗೆ ಹೋಗುವ ಜಾಗ. ರಸ್ತೆಯನ್ನು ಅಗಲ ಮಾಡಿದ್ದಾರೆ, ಮೋರಿ ಹಳೆಯದೇ. ಅಲ್ಲಿ ಡಾಂಬರು ನೇರವಾಗಿ ಮೋಟು ಗೋಡೆಗೆ ಮುಟ್ಟುತ್ತದೆ, ಕಾಲಿಡಲು ಅಂಚು ಇಲ್ಲ. ಕ್ರಷರಿನ ಟಿಪ್ಪರುಗಳು ಇಳಿಜಾರಿನಲ್ಲಿ ಬರುವ ವೇಗಕ್ಕೆ ಕಾರಿನವರೇ ಹೆದರುತ್ತಾರೆ. ನಾನು ಇದೆಲ್ಲ ಈಗ ಬರೆಯುತ್ತಿದ್ದೇನೆ. ಆಗ ನನ್ನ ಗ್ರಾಫ್ ಶೀಟು ಲೇಔಟಿನ ಗಡಿಯಲ್ಲೇ ಮುಗಿದುಹೋಗಿತ್ತು.

ಗೋಡೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ, ಇಪ್ಪತ್ತು ದಿನ ಆಗಿತ್ತೇನೋ. ಬೆಳಗ್ಗೆ ಕಾಫಿ ಸೋಸುತ್ತಿದ್ದಾಗ ಹಾಲಿನವನು ಬಂದು ಹೇಳಿದ. ಮೋರಿ ಮೇಲೆ ಒಂದು ಟಿಪ್ಪರು ಇನ್ನೊಂದನ್ನು ಓವರ್‌ಟೇಕ್ ಮಾಡಿದೆ. ಹೆಂಗಸರು ಸಾಲಾಗಿ ಮೋಟು ಗೋಡೆಗೆ ಒತ್ತಿ ನಿಂತಿದ್ದಾರೆ. ಕೊನೆಯವಳಿಗೆ ಹಿಂದಿನ ಚಕ್ರದ ಮಡ್‌ಗಾರ್ಡ್ ತಗುಲಿ, ಗೋಡೆಗೂ ಗಾಡಿಗೂ ನಡುವೆ ತೊಡೆ ಮುರಿದಿದೆ. ಯಾರು ಎಂದೆ. “ಅದೇ ನಿಮ್ಮನೆ ಹತ್ರ ಹೂವ ಎತ್ಕೊಳ್ತಿದ್ಲಲ್ಲ, ಆಕೆ,” ಎಂದ.

ಕಾಫಿ ಫಿಲ್ಟರು ಕೈಯಲ್ಲೇ ಇತ್ತು. ಡಿಕಾಕ್ಷನ್ ಸ್ಟವ್ ಮೇಲೆ ಸುರಿಯುತ್ತಿದ್ದುದು ನನಗೆ ವಾಸನೆ ಬಂದ ಮೇಲೆ ತಿಳಿಯಿತು. ನಾನು ದುಃಖಪಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ದುಃಖವಲ್ಲ. ನನ್ನದೇ ಮಾತು. ಹತ್ತು ನಿಮಿಷ ಅಷ್ಟೆ ಎಂದು ಹೇಳಿದ ಬಾಯಿ ನನ್ನದು.

ಆ ವಾರವೇ ಪಂಚಾಯ್ತಿ ಆಫೀಸಿನಲ್ಲಿ ಸಭೆ ಕರೆದರು. ನಮ್ಮ ಕಡೆಯಿಂದ ಪ್ರೆಸಿಡೆಂಟರು, ನಾನು, ಇನ್ನಿಬ್ಬರು. ಹಳ್ಳಿಯ ಕಡೆಯಿಂದ ಒಂದು ರೂಮು ತುಂಬ ಜನ. ಬಯ್ಗುಳ ಬರುತ್ತದೆ ಎಂದು ನಾನು ಸಿದ್ಧಳಾಗಿ ಹೋಗಿದ್ದೆ. ಬದಲಿಗೆ ಒಬ್ಬ ಮುದುಕರು ಮಾತಾಡಿದರು. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿ ಕೆಲಸ ಅವರ ಮನೆತನದ್ದಂತೆ. ಈಗ ಗದ್ದೆಯೂ ಇಲ್ಲ, ತೂಬೂ ತುಕ್ಕು. ಅವರ ಮಾತು ಮಾತ್ರ ತೂಬಿನ ನೀರಿನ ಹಾಗೆ ಅಳತೆಯಲ್ಲಿ ಬಂತು. ಅದು ಸಂದಲ್ಲ, ಬಂಡಿದಾರಿ ಎಂದರು. ವಿಜಯಪುರದ ಸಂತೆಗೆ ಅವರ ತಾತ ಅದೇ ದಾರಿಯಲ್ಲಿ ಬಂಡಿ ಹೊಡೆದಿದ್ದಾರೆ. ಊರ ನಕಾಶೆಯಲ್ಲಿದೆ, ಬಿ ಖರಾಬು, ಅಂದರೆ ಊರವರೆಲ್ಲರ ಬಳಕೆಗೆ ಬಿಟ್ಟ ಜಾಗ, ಯಾರೂ ಮಾರುವ ಹಾಗಿಲ್ಲ, ಯಾರೂ ಕೊಳ್ಳುವ ಹಾಗಿಲ್ಲ.

ಪ್ರೆಸಿಡೆಂಟರು ಮಂಜೂರಾದ ಪ್ಲ್ಯಾನಿನ ಪ್ರಿಂಟ್ ಬಿಚ್ಚಿದರು. ಅದರಲ್ಲಿ ದಾರಿ ಇರಲಿಲ್ಲ. ನಲವತ್ತೊಂದು, ನಲವತ್ತೆರಡು, ಪಾರ್ಕು, ಅಷ್ಟೆ. ಈಗ ಯಾರು ಬಂಡಿ ಹೊಡೀತಾರೆ ಯಜಮಾನ್ರೆ ಎಂದು ನಮ್ಮವರೊಬ್ಬರು ಕೇಳಿದರು.

“ಬಂಡಿ ಹೋಯ್ತು, ಎತ್ತು ಹೋಯ್ತು. ಕಾಲು ಅದೇ ಅಲ್ವಾ ಸ್ವಾಮಿ?” ಎಂದರು ನೀರಗಂಟಿ.

ಆಗ ನಾನು ಎದ್ದು ನಿಂತೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. “ಈ ಪ್ಲ್ಯಾನ್ ಟ್ರೇಸ್ ಮಾಡಿದವಳು ನಾನೇ,” ಎಂದೆ. ದಾರಿ ಇದ್ದಿದ್ದರೆ ನನ್ನ ಕೈ ಬಿಡುತ್ತಿರಲಿಲ್ಲ, ಒರಿಜಿನಲ್ ಫಿಲ್ಮ್ ನಮ್ಮ ಅಸೋಸಿಯೇಷನ್ ಬೀರುವಿನಲ್ಲಿದೆ, ನಾಳೆಯೇ ತೆಗೆದು ತೋರಿಸುತ್ತೇನೆ ಎಂದೆ. ನೀರಗಂಟಿ ನನ್ನ ಮುಖ ನೋಡಿ, ಹಂಗಾದ್ರೆ ಸರಿ ತಾಯಿ, ನೀವ್ ನೋಡ್ಬಿಟ್ ಹೇಳಿ ಎಂದರು. ನನ್ನನ್ನು ನಂಬಿದರು.

ಮರುದಿನ ಮಧ್ಯಾಹ್ನ ಫಿಲ್ಮ್ ತಂದೆ. ಹಳೆಯ ಸೀರೆಯಲ್ಲಿ ಸುತ್ತಿ ತಗಡಿನ ಕೊಳವೆಯಲ್ಲಿ ಇಟ್ಟಿದ್ದರು. ಪ್ರಿಂಟ್ ತೆಗೆಯಲು ಬಳಸುತ್ತಿದ್ದ ಅಮೋನಿಯಾದ ವಾಸನೆ ಇನ್ನೂ ಇತ್ತು. ಅಥವಾ ನನ್ನ ಮೂಗಿನಲ್ಲೇ ಉಳಿದಿತ್ತೋ. ಬಲಗಡೆ ಕೆಳಮೂಲೆಯ ಚೌಕದಲ್ಲಿ ‘ಟ್ರೇಸ್ಡ್ ಬೈ’ ಎಂಬ ಮನೆಯಲ್ಲಿ ನನ್ನ ಎರಡು ಇನಿಶಿಯಲ್ಸ್, ಸ್ಟೆನ್ಸಿಲ್ ಅಕ್ಷರದಲ್ಲಿ. ಒಂದು ಕ್ಷಣ ಸಂತೋಷವಾಯಿತು. ಎಷ್ಟು ಚೆನ್ನಾಗಿ ಮಾಡಿದ್ದೇನೆ! ಒಂದು ಗೆರೆಯೂ ಇನ್ನೊಂದನ್ನು ಮೀರಿಲ್ಲ. ಎಡದಿಂದ ಬಲಕ್ಕೆ ಹೋಗಬೇಕು, ಮಣಿಕಟ್ಟು ಹಸಿ ಶಾಯಿಗೆ ತಗುಲಬಾರದು, ಫಿಲ್ಮಿನ ಜಿಡ್ಡು ಹೋಗಲು ಮೊದಲು ಫ್ರೆಂಚ್ ಚಾಕಿನ ಪುಡಿ ಉಜ್ಜಬೇಕು. ಎಲ್ಲ ಕೈಗೆ ನೆನಪಿತ್ತು. ಮೇಜಿನ ಮೇಲೆ ಹರಡಿ ನೋಡಿದೆ. ದಾರಿ ಇಲ್ಲ. ನಾನು ಹೇಳಿದ್ದು ಸರಿ.

ಫೋಟೊ ತೆಗೆದು ಪ್ರೆಸಿಡೆಂಟರಿಗೆ ಕಳಿಸೋಣ ಎಂದು ಫಿಲ್ಮನ್ನು ಎತ್ತಿ ಅಡಿಗೆಮನೆ ಕಿಟಕಿಗೆ ಹಿಡಿದೆ. ಪಶ್ಚಿಮದ ಬಿಸಿಲು ಹಿಂದಿನಿಂದ ಬಿತ್ತು.

ನಲವತ್ತೊಂದಕ್ಕೂ ನಲವತ್ತೆರಡಕ್ಕೂ ನಡುವೆ, ಪಾರ್ಕಿನ ಅಂಚಿನಲ್ಲಿ, ಗಡಿಯ ತನಕ, ಎರಡು ಸಾಲು ಪುಟ್ಟ ಪುಟ್ಟ ತುಂಡು ಗೆರೆಗಳು ಬೆಳಕಾಗಿ ಹೊಳೆದವು.

ಕೆಲಸ ಗೊತ್ತಿಲ್ಲದವರಿಗೆ ಇದು ಏನೂ ಅಲ್ಲ. ಆ ಫಿಲ್ಮಿನ ಮೈ ಮಂಕಾಗಿರುತ್ತದೆ, ಶಾಯಿ ಹಿಡಿಯಲಿ ಎಂದು. ಒಮ್ಮೆ ಬರೆದದ್ದನ್ನು ತೆಗೆಯಬೇಕಾದರೆ ಅರ್ಧ ಬ್ಲೇಡಿನಿಂದ ಕೆರೆಯುತ್ತೇವೆ. ಕೆರೆದ ಕಡೆ ಮಂಕು ಹೋಗಿ ಗಾಜಿನ ಹಾಗೆ ನುಣುಪಾಗುತ್ತದೆ. ಮೇಜಿನ ಮೇಲೆ ಕಾಣುವುದಿಲ್ಲ, ಪ್ರಿಂಟಿನಲ್ಲಿ ಬರುವುದಿಲ್ಲ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಗ್ರಾಮ ನಕಾಶೆಯಲ್ಲಿ ಎರಡು ಸಾಲು ತುಂಡು ಗೆರೆ ಎಂದರೆ ಬಂಡಿದಾರಿ. ಅದು ಟ್ರೇಸರಿಗೆ ಮೊದಲ ವಾರ ಕಲಿಸುವ ಪಾಠ.

ಕಿಟಕಿಯಲ್ಲಿ ಕೈ ಎತ್ತಿಕೊಂಡು ನಿಂತಿದ್ದ ಹಾಗೆಯೇ ನನಗೆ ಆ ದಿನ ಬಂದುಬಿಟ್ಟಿತು. ಪೂರ್ತಿ ಮರೆತಿದ್ದೆ, ಅಥವಾ ಮರೆಯುವಷ್ಟು ಸಣ್ಣದು ಎಂದುಕೊಂಡಿದ್ದೆ. ನಕಾಶೆಯಲ್ಲಿದ್ದುದನ್ನೆಲ್ಲ ನಾನು ನಿಷ್ಠೆಯಿಂದ ಇಳಿಸಿದ್ದೆ, ದಾರಿಯನ್ನೂ. ಹೆಡ್ ಡ್ರಾಫ್ಟ್ಸ್‌ಮನ್ ಕೆಂಪು ಪೆನ್ಸಿಲ್ ಹಿಡಿದು ಬಂದರು. ಇದೇನಿದು, ಸೈಟಿನ ಮಧ್ಯ ಎಂದರು. ಬಂಡಿದಾರಿ ಸರ್ ಎಂದೆ. ಕೆರೆದುಬಿಡಮ್ಮ ಎಂದರು. ಹಾಗೆ ಕೆರೆಯಬಹುದಾ ಸರ್ ಎಂದು ನಾನು ಕೇಳಿದೆ. ಕೇಳಿದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. “ನಿನ್ನ ಕೈ ಬೇಕು, ತಲೆ ಬೇಡ,” ಎಂದು ನಕ್ಕು ಮುಂದಿನ ಮೇಜಿಗೆ ಹೋದರು. ನಾನು ಬ್ಲೇಡನ್ನು ನಡುವೆ ಮುರಿದು ಕೆರೆದೆ. ಒಂದು ತುಂಡನ್ನೂ ಬಿಡದೆ, ನೀಟಾಗಿ. ಆಮೇಲೆ ಆ ಜಾಗದಲ್ಲಿ ಬೆರಳಿಟ್ಟು ನನ್ನ ಸೈಟು ಆರಿಸಿಕೊಂಡೆ. ಪಕ್ಕದಲ್ಲಿ ಖಾಲಿ ಜಾಗ ಚೆನ್ನಾಗಿದೆ ಎಂದು.

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ರಬ್ಬರು ತರಲು ಬಿಡುತ್ತಿರಲಿಲ್ಲ. ತಪ್ಪಾದರೆ ಒಂದೇ ಗೆರೆಯಲ್ಲಿ ಹೊಡೆಯಬೇಕು, ಏನು ತಪ್ಪು ಎಂದು ಕೆಳಗೆ ಕಾಣುತ್ತಿರಬೇಕು. ಹತ್ತು ವರ್ಷ ಆ ಪುಸ್ತಕಗಳಲ್ಲಿ ಬೆಳೆದ ಹುಡುಗಿ ನಾನು.

ಸಂಜೆಯೇ ಪ್ರೆಸಿಡೆಂಟರನ್ನು ಕರೆದು ಕಿಟಕಿಗೆ ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿದರು. ಅವರು ಕೆಟ್ಟವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೊಮ್ಮಗಳ ಹುಬ್ಬಿನ ಗಾಯ ಇನ್ನೂ ಕೆಂಪಗಿತ್ತು.

“ಮೇಡಂ, ಇದನ್ನ ಓದೋಕೆ ಬರೋದು ನಿಮಗೊಬ್ಬರಿಗೇ,” ಎಂದರು. “ಸುತ್ತಿ ಇಟ್ಬಿಡಿ. ದಾರಿ ಬಂದ್ರೆ ಮೊದಲು ಹೋಗೋದು ನಿಮ್ಮ ಕಾಂಪೌಂಡೇ.”

ಹಳ್ಳಿಯವರು ಜಾಯಿಂಟ್ ಸರ್ವೆಗೆ ಅರ್ಜಿ ಹಾಕಿದ್ದಾರೆ, ಅವರು ನಕಾಶೆ ತೋರಿಸುತ್ತಾರೆ, ನಾವು ಪ್ಲ್ಯಾನ್ ತೋರಿಸೋಣ, ದಾರಿಯನ್ನು ಹಿಂದೆಯೇ ಆರ್ಡರ್ ಮಾಡಿ ಬೇರೆ ಕಡೆಗೆ ತಿರುಗಿಸಿರಬಹುದು ಎಂದು ವಾದಿಸಬಹುದು, ಇಲ್ಲ ಎಂದು ಪ್ರೂವ್ ಮಾಡಲು ಅವರಿಗೆ ವರ್ಷಗಳು ಬೇಕು ಎಂದರು. ನಾನು ನೀರಗಂಟಿಗೆ ಫಿಲ್ಮ್ ಇನ್ನೂ ಸಿಕ್ಕಿಲ್ಲ ಎಂದು ಹೇಳಿ ಕಳಿಸಿದೆ. ಫಿಲ್ಮನ್ನು ಸೀರೆಯಲ್ಲಿ ಸುತ್ತಿ ನನ್ನ ಮನೆಯ ಬೀರುವಿನ ಹಿಂದೆ ನಿಲ್ಲಿಸಿದೆ. ಒಂಬತ್ತು ದಿನ ಅಲ್ಲೇ ಇತ್ತು. ಆ ಒಂಬತ್ತು ಬೆಳಗೂ ಹೆಂಗಸರು ಮೋರಿ ಮೇಲೆ ನಡೆದರು. ಇದನ್ನು ನಾನು ಒಂದೇ ಗೆರೆಯಲ್ಲಿ ಹೊಡೆಯುತ್ತಿದ್ದೇನೆ, ಕೆರೆಯುತ್ತಿಲ್ಲ.

ಒಂಬತ್ತನೆಯ ದಿನ ಬೆಳಗ್ಗೆ ಮೂಸಂಬಿ, ಬ್ರೆಡ್ಡು ತೆಗೆದುಕೊಂಡು ಸಂಪಿಗೆ ಹೂವಿನವಳ ಮನೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ನಡುಮನೆಯಲ್ಲಿ ಮಂಚ. ತೊಡೆಗೆ ರಾಡು ಹಾಕಿದ್ದರು. ನನ್ನನ್ನು ಕಂಡು ಏಳಲು ನೋಡಿದಳು. ಬೇಡ ಬೇಡ ಎಂದೆ. ಅವಳೇ ಮಾತಾಡಿದಳು. ಮೂರು ತಿಂಗಳು ಕಾಲು ಊರುವ ಹಾಗಿಲ್ಲವಂತೆ. ಫಿಲೇಚರಿನಲ್ಲಿ ನೂಲು ಬಿಚ್ಚಲು ಕೂರುವ ಬೇಸಿನ್ನು ಖಾಲಿ ಬಿಟ್ಟರೆ ಬೇರೆಯವರನ್ನು ಕೂರಿಸುತ್ತಾರಂತೆ. ಹೂವು ಬಿಡುತ್ತಿದೆಯಾ ಎಂದು ಕೇಳಿದಳು. ಗೋಡೆಯ ಬಗ್ಗೆ ಒಂದು ಮಾತು ಆಡಲಿಲ್ಲ. ನಾನು ಫಿಲ್ಮಿನ ಬಗ್ಗೆ ಒಂದು ಮಾತು ಆಡಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕಿ ಬಂದಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಊಟದ ಡಬ್ಬಿ. ಆಕೆಯ ಅತ್ತೆ. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು, ದೊಡ್ಡವಳೂ ಇರಬಹುದು. ಎಲ್ಲಿಗೆ ಎಂದೆ.

“ಅವಳ ಬೇಸಿನ್ನು ಬುಟ್ಬುಟ್ರೆ ಹೋಯ್ತದಲ್ಲವ್ವ. ಕಾಲು ಆಗೋಗಂಟ ನಾನೇ ಕೂತ್ಕತೀನಿ,” ಎಂದಳು. ಕಣ್ಣು ಮಂಜು, ನೂಲಿನ ತುದಿ ಸಿಗುವುದಿಲ್ಲ, ಪಕ್ಕದವಳು ಹುಡುಕಿ ಕೊಡುತ್ತಾಳೆ ಎಂದು ನಕ್ಕಳು. ಮೋರಿ ಮೇಲೆ ಹೇಗೆ ಹೋಗುತ್ತೀರಿ ಎಂದು ಕೇಳಿಬಿಟ್ಟೆ. “ಗಾಡಿ ಕಾಣ್ಸಲ್ಲ ಕಣವ್ವ. ಸದ್ದು ಕೇಳಿದ್ರೆ ಗೋಡೆ ಹಿಡ್ಕಂಡು ನಿಂತ್ಕತೀನಿ.” ಚಪ್ಪಲಿ ಮೆಟ್ಟಿ ಹೊರಟಳು.

ನಾನು ಅವಳ ಹಿಂದೆಯೇ ಬಂದೆ. ಮೋರಿಯ ತನಕ ಇಬ್ಬರೂ ಜೊತೆಗೆ ನಡೆದೆವು. ಅಲ್ಲಿ ಅವಳು ಎಡಗೈಯನ್ನು ಮೋಟು ಗೋಡೆಯ ಮೇಲೆ ಇಟ್ಟು, ತಡವಿಕೊಂಡು, ಒಂದೊಂದೇ ಹೆಜ್ಜೆ ಹಾಕಿದಳು. ನಾನೂ ಹಾಗೇ ಮಾಡಿದೆ. ಒಂದು ಟಿಪ್ಪರು ಬಂತು. ಅದರ ಗಾಳಿಗೆ ನನ್ನ ಸೆರಗು ಹಾರಿ ಅದರ ಕಡೆಗೇ ಎಳೆಯಿತು. ಆ ಶಬ್ದದಲ್ಲಿ ನನಗೆ ಏನೂ ತೋಚಲಿಲ್ಲ, ಬೀರುವಿನ ಹಿಂದೆ ನಿಲ್ಲಿಸಿದ ಫಿಲ್ಮ್ ಒಂದು ಬಿಟ್ಟು. ಅವಳನ್ನು ಬಸ್ ಹತ್ತಿಸಿ ಮನೆಗೆ ಬಂದು ಬೀರು ಸರಿಸಿದೆ.

ಮೊದಲು ಪ್ರೆಸಿಡೆಂಟರ ಮನೆಗೆ ಹೋಗಿ, ಸರ್ವೆಯ ದಿನ ಇದನ್ನು ತೋರಿಸುತ್ತೇನೆ, ಬರೆದುಕೊಟ್ಟು ಸಹಿ ಮಾಡುತ್ತೇನೆ ಎಂದು ತಿಳಿಸಿದೆ. ಬೆನ್ನ ಹಿಂದೆ ಮಾಡಿದೆ ಎಂದಾಗಬಾರದು. ಫಿಲ್ಮ್ ಅಸೋಸಿಯೇಷನ್ ಪ್ರಾಪರ್ಟಿ, ನಿಮ್ಮದಲ್ಲ ಎಂದರು. “ಫಿಲ್ಮ್ ನಿಮ್ಮದು ಸರ್, ಕೆರೆದದ್ದು ನನ್ನದು,” ಎಂದೆ. ಬಾಗಿಲು ಹಾಕಿಕೊಂಡರು. ಮೂರೇ ದಿನದಲ್ಲಿ ಲೇಔಟಿನ ವಾಟ್ಸಾಪ್ ಗ್ರೂಪಿನಲ್ಲಿ ನನಗೆ ವಯಸ್ಸಾಗಿದೆ, ನೆನಪು ಕೈ ಕೊಡುತ್ತಿದೆ ಎಂದು ಯಾರೋ ಮರುಗಿದರು. ಹಲವರು ಕೈಮುಗಿದ ಚಿತ್ರ ಹಾಕಿದರು.

ಸರ್ವೆಗೆ ತಾಲ್ಲೂಕಿನಿಂದ ಬಂದದ್ದು ಕ್ಯಾಪ್ ಹಾಕಿದ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉದ್ದನೆಯ ಕೋಲಿನ ತುದಿಯಲ್ಲಿ ರೋವರ್ ಎಂಬ ಮೆಶಿನು, ಜೊತೆಗೆ ಹಳೆಯ ಚೈನೂ ಇತ್ತು. ಒಂದು ಚೈನು ಮೂವತ್ತಮೂರು ಅಡಿ, ಅದರಲ್ಲಿ ಆಣೆ ಎಂಬ ಹದಿನಾರು ಭಾಗ. ಆ ಲೆಕ್ಕ ಇನ್ನೂ ಬದಲಾಗಿಲ್ಲ ಎಂದು ನನಗೆ ಒಂಥರಾ ಸಮಾಧಾನವಾಯಿತು. ಎಲ್ಲಿಂದ ಶುರು ಮಾಡಬೇಕು ಎಂದರೆ ಮೂರು ಸರ್ವೆ ನಂಬರು ಸೇರುವ ಕಡೆ ಹೂತ ಬಾಂದ್ ಕಲ್ಲು ಸಿಗಬೇಕು. ಪಾರ್ಕಿನಲ್ಲಿ ಎಲ್ಲಿಯೂ ಕಲ್ಲಿಲ್ಲ ಎಂದರು ನಮ್ಮವರು. ನೀರಗಂಟಿ ಕೆರೆ ಏರಿಯ ಕಡೆ ಒಮ್ಮೆ, ದೂರದ ಆಲದ ಮರದ ಕಡೆ ಒಮ್ಮೆ ನೋಡಿ, ನಡೆದುಕೊಂಡು ಹೋಗಿ ಮಕ್ಕಳ ಸೀ-ಸಾ ಪಕ್ಕ ನಿಂತರು. ಇಲ್ಲಿ ಅಗೀರಪ್ಪ ಎಂದರು. ಒಂದೂವರೆ ಅಡಿಗೆ ಹಾರೆ ಠಣ್ಣೆಂದಿತು. ಮಣ್ಣು ಒರೆಸಿದರೆ ತಲೆಯ ಮೇಲೆ ಕೊರೆದ ಕ್ರಾಸ್ ಗುರುತು.

ಕಲ್ಲಿನಿಂದ ಅಳೆದುಕೊಂಡು ಬಂದರು. ಸರ್ವೆಯರ್ ನಕಾಶೆ, ಪ್ಲ್ಯಾನ್ ಎರಡನ್ನೂ ಜೀಪಿನ ಬಾನೆಟ್ ಮೇಲೆ ಹಾಸಿ ಹೇಳಿದಳು, ಇದರಲ್ಲಿ ದಾರಿ ಇದೆ, ಅದರಲ್ಲಿ ಇಲ್ಲ, ನಡುವೆ ಏನಾಯಿತು ಎಂಬುದಕ್ಕೆ ಆರ್ಡರ್ ಏನಾದರೂ ಇದೆಯಾ. ಪ್ರೆಸಿಡೆಂಟರು ಹಳೆಯ ಫೈಲು ಹುಡುಕಿಸಬೇಕು, ಸಮಯ ಬೇಕು ಎಂದರು.

“ಆರ್ಡರ್ ಇಲ್ಲಮ್ಮ. ಬ್ಲೇಡ್ ಇತ್ತು,” ಎಂದೆ ನಾನು.

ಫಿಲ್ಮನ್ನು ಬಿಚ್ಚಿ ಇಬ್ಬರೂ ಎರಡು ಕೊನೆ ಹಿಡಿದು ಸೂರ್ಯನಿಗೆ ಎತ್ತಿದೆವು. ಹಳ್ಳಿಯವರು, ಲೇಔಟಿನವರು ಎಲ್ಲ ಅದರ ಕೆಳಗೆ ಕತ್ತೆತ್ತಿ ನಿಂತರು. ಆ ಹುಡುಗಿ ಅಂಥದ್ದನ್ನು ನೋಡಿಯೇ ಇರಲಿಲ್ಲ, ಅವಳದೆಲ್ಲ ಕಂಪ್ಯೂಟರು. ಆದರೆ ತುಂಡು ಗೆರೆ ಕಂಡ ಕೂಡಲೇ ಅವಳ ಬಾಯಿ ಸ್ವಲ್ಪ ತೆರೆಯಿತು. ನನ್ನ ಇನಿಶಿಯಲ್ಸನ್ನು ಮುಟ್ಟಿ, ಇದು ನೀವಾ ಎಂದಳು. ನಾನೇ ಎಂದೆ. ನಾನು ಬರೆದು ತಂದ ಹೇಳಿಕೆಯನ್ನು ಓದಿ ಮಹಜರಿಗೆ ಸೇರಿಸಿದಳು. ಅಲ್ಲಿದ್ದವರೆಲ್ಲ ಸಾಕ್ಷಿ ಸಹಿ ಹಾಕಿದರು. ನೀರಗಂಟಿ ಹೆಬ್ಬೆಟ್ಟು ಒತ್ತಿದರು. ನನ್ನನ್ನು ಬಯ್ಯುತ್ತಾರೆ ಎಂದು ಕಾದೆ. ಇಂಕನ್ನು ಗೋಡೆಗೆ ಒರೆಸಿಕೊಂಡು, “ಇಷ್ಟ್ ದಿನ ನಮ್ಮ ಕಣ್ಣೇ ಸುಳ್ಳೇನೋ ಅನ್ಕೊಂಡಿದ್ವಿ ತಾಯಿ,” ಎಂದರು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ದಾರಿಯ ಒಂದು ಅಂಚು ನನ್ನ ಕಾಂಪೌಂಡಿನ ಒಳಗೆ ಏಳಡಿ ಬಂತು. ಸಂಪಿಗೆ ಮರ ದಾರಿಯಲ್ಲಿ ನಿಂತಿತ್ತು. ನನ್ನ ಗೋಡೆಯನ್ನು ನಾನೇ ಹಿಂದಕ್ಕೆ ಕಟ್ಟಿಸಿಕೊಂಡೆ. ಮರವನ್ನು ಹಳ್ಳಿಯವರೇ ಕಡಿಯಬೇಡಿ ಎಂದರು, ಜನ ಅದನ್ನು ಸುತ್ತಿ ಹೋಗುತ್ತಾರೆ ಎಂದರು. ಇನ್ನು ಹಿಂದಿನ ಗೋಡೆ. ಆರ್ಡರ್ ಬರಲು ವಾರಗಳು ಹಿಡಿದವು, ಒಡೆಯಲು ಅರ್ಧ ದಿನ. ಬೈಕುಗಳು ಮತ್ತೆ ನುಗ್ಗುತ್ತವಲ್ಲ ಎಂದು ಪ್ರೆಸಿಡೆಂಟರು ದೂರದಲ್ಲಿ ನಿಂತು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೇನ್ ಸ್ವಾಮಿ, ಹೂವಿನ ತೋಟಕ್ಕೆ ದನ ನುಗ್ಗದಂಗೆ ಮೂರು ಕಲ್ಲು ನೆಡ್ತೀವಲ್ಲ, ಹಂಗೇ ನೆಟ್ರಾಯ್ತು ಎಂದರು ನೀರಗಂಟಿ. ಮೂರು ಕಲ್ಲು ಕಂಬ, ಓರೆಕೋರೆಯಾಗಿ. ಮನುಷ್ಯರು ಮೈ ತಿರುಗಿಸಿ ದಾಟಬಹುದು, ಹಸು ದಾಟಲಾರದು, ಬೈಕು ದಾಟಲಾರದು. ಬಂಡಿಯೋ ಟ್ರ್ಯಾಕ್ಟರೋ ಬರಬೇಕಾದ ದಿನ ಕಿತ್ತು ಬದಿಗಿಡಬಹುದು. ಮಧ್ಯಾಹ್ನದೊಳಗೆ ನೆಟ್ಟರು.

ನಾನು ಆ ಕಲ್ಲುಗಳ ನಡುವೆ ಮೈ ತಿರುಗಿಸಿ ಒಮ್ಮೆ ದಾಟಿ ನೋಡಿದೆ. ನನ್ನ ರಿಜಿಸ್ಟರು, ಗ್ರಾಫು, ಕಾನ್ವೆಕ್ಸ್ ಕನ್ನಡಿ. ಮೊದಲನೆಯ ದಿನವೇ ಗೋಡೆಯಾಚೆ ಹೋಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹೆಂಗಸರು ಮತ್ತೆ ಕಿಟಕಿಯ ಪಕ್ಕ ಹೋಗತೊಡಗಿದರು. ಮುದುಕಿ ಮೂರು ಕಂಬಗಳನ್ನೂ ಮುಟ್ಟಿ ಮುಟ್ಟಿ ದಾಟುತ್ತಿದ್ದಳು. ಇನ್ನೂ ಕೆಲವು ತಿಂಗಳ ನಂತರ, ಒಂದು ಬೆಳಗ್ಗೆ, ಅವಳ ಬದಲು ಸೊಸೆ ಬಂದಳು. ಒಂದು ಕಾಲು ಸ್ವಲ್ಪ ಗಿಡ್ಡವಾಗಿದೆ, ಕೈಯಲ್ಲಿ ಕೋಲು. ಸಂಪಿಗೆ ಮರದ ಕೆಳಗೆ ನಿಂತಳು. ಬಗ್ಗಲು ಆಗುವುದಿಲ್ಲ ಎಂದು ನನಗೆ ತಿಳಿದು ಹೊರಗೆ ಹೋಗಿ ಎರಡು ಹೂವು ಎತ್ತಿ ಕೊಟ್ಟೆ. ಸರ್ವೆಯ ದಿನದ್ದನ್ನೆಲ್ಲ ಊರವರು ಅವಳಿಗೆ ಹೇಳಿರಬೇಕು. ಹೂವನ್ನು ಮುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

“ಒಂದ್ ಮಾತ್ ಕೇಳ್ಲಾ ಅಮ್ಮಾವ್ರೆ? ಆವತ್ತು ಆಫೀಸಲ್ಲಿ ನೀವು ಕೆರೆಯಲ್ಲ ಅಂದಿದ್ರೆ, ಕೆಲ್ಸದಿಂದ ತೆಗ್ದಾಕ್ಬಿಡೋರಾ?”

ನಾನು ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಆ ಹೆಡ್ ಡ್ರಾಫ್ಟ್ಸ್‌ಮನ್ ಮುಖ ನೆನಪು ಮಾಡಿಕೊಂಡೆ. ಮೃದು ಮನುಷ್ಯ, ಹಬ್ಬಕ್ಕೆ ಎಲ್ಲರಿಗೂ ಮೈಸೂರು ಪಾಕ್ ತರುತ್ತಿದ್ದವರು. ಕೆರೆಯುವ ಕೆಲಸವನ್ನು ಬೇರೆ ಯಾರಿಗಾದರೂ ಕೊಡುತ್ತಿದ್ದರು. ಒಂದು ವಾರ ನನ್ನ ಹತ್ತಿರ ಮಾತಾಡುತ್ತಿರಲಿಲ್ಲವೇನೋ.

“ಇಲ್ಲಮ್ಮ,” ಎಂದೆ. “ಸ್ವಲ್ಪ ಮುಖ ಗಂಟಿಕ್ಕಿಕೊಳ್ಳೋರು.”

“ಅಷ್ಟೇನಾ,” ಎಂದಳು.

ಕೋಪದಿಂದಲ್ಲ. ಏನೋ ಒಂದರ ಅಳತೆ ತಿಳಿದುಕೊಂಡ ಹಾಗೆ. ಬಸ್ಸಿನ ಹಾರನ್ನು ಕೇಳಿಸಿತು. ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೋಲು ಊರುತ್ತ, ಮರವನ್ನು ಸುತ್ತಿ, ಬಂಡಿದಾರಿಯಲ್ಲಿ ಗೇಟಿನ ಕಡೆಗೆ ಹೋದಳು.